ಹತ್ತರಿಂದ ಐದೂವರೆವರೆಗೆ ತೆರೆದಿರುವ ಸಮುದ್ರ

ಪ್ರವಾಸೋದ್ಯಮ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಜೀವ ಉಳಿಸಿದ ದೋಣಿಯವರ ಪರವಾನಗಿಯನ್ನು ನೀವು ಅಮಾನತಿನಲ್ಲಿಟ್ಟಿದ್ದೀರಿ. ಅದನ್ನು ಹಿಂದಿರುಗಿಸುವವರೆಗೆ ನಿಮ್ಮನ್ನು ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ ಎಂದು ತಿಳಿಸಲು ಈ ಪತ್ರ. ಇದಕ್ಕೆ ಮೊದಲು ಬರೆದ ಮೂರು ಪತ್ರಗಳಿಗೆ ನಿಮ್ಮ ಕಚೇರಿಯ ಮೊಹರು ಬಿತ್ತೇ ಹೊರತು ಉತ್ತರ ಬರಲಿಲ್ಲ. ಆದ್ದರಿಂದ ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಿಮ್ಮ ಊರಿಗೆ ನಾನು ಬಂದದ್ದು ಅಕ್ಕನ ಜೊತೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ಮೊದಲ ಪ್ರಯಾಣ ಅದು. ಊರು ಚಿಕ್ಕದು, ಒಪ್ಪವಾಗಿದೆ. ಬಂದರಿನ ಬೀದಿಯಲ್ಲಿ ಬಲೆ ಹೊಲಿಯುವವರ ಅಂಗಡಿಗಳು, ಉಪ್ಪುಗಾಳಿಗೆ ಬಣ್ಣ ಕಳೆದುಕೊಂಡ ಕಿಟಕಿಗಳು. ನಿಮ್ಮ ಕರಪತ್ರದ ಪ್ರಕಾರ ಅಲ್ಲಿ ನೋಡತಕ್ಕ ಸ್ಥಳಗಳು ಮೂರು: ಕೋಟೆ, ವಸ್ತುಸಂಗ್ರಹಾಲಯ ಮತ್ತು ದಡದಿಂದ ಅರ್ಧ ಮೈಲಿ ದೂರದ ಬಂಡೆಯ ಮೇಲಿನ ಹಳೆಯ ದೀಪಸ್ತಂಭ. ಮೂರಕ್ಕೂ ಭೇಟಿಯ ಸಮಯ ಒಂದೇ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ.

ಕೋಟೆಗೆ ಬಾಗಿಲಿದೆ, ವಸ್ತುಸಂಗ್ರಹಾಲಯಕ್ಕೆ ಬೀಗವಿದೆ. ದೀಪಸ್ತಂಭಕ್ಕೆ ಹೋಗುವ ಕಲ್ಲುದಾರಿಗೆ ಇರುವುದು ಸಮುದ್ರ. ಇಳಿತದಲ್ಲಿ ಕಲ್ಲುಗಳು ಮೇಲೆ ಬರುತ್ತವೆ, ಉಬ್ಬರದಲ್ಲಿ ಮುಳುಗುತ್ತವೆ. ಇದು ದಿನಕ್ಕೆ ಎರಡು ಸಲ ನಡೆಯುತ್ತದೆ, ಮತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗುತ್ತದೆ. ಇದನ್ನು ಕಂಡುಹಿಡಿದವನು ನಾನಲ್ಲ. ನಿಮ್ಮ ಕಚೇರಿಯ ಕಿಟಕಿಯಿಂದಲೇ ಕಾಣುತ್ತದೆ. ಆದರೆ ಕಿಟಕಿಯ ಮುಂದೆ ಕಡತಗಳ ಬೀರು ಇಟ್ಟುಕೊಂಡವರಿಗೆ ಹೇಗೆ ತಿಳಿಯಬೇಕು?

ಅಂದು ನಾವು ಮೂರು ಗಂಟೆಗೆ ಹೊರಟೆವು. ದಾರಿಯ ತಲೆಯಲ್ಲಿ ಟಿಕೆಟ್ ಕೊಡುವ ಹೆಂಗಸನ್ನು, ವಾಪಸು ಬರಲು ಹೊತ್ತಾಗುವುದಿಲ್ಲವೇ ಎಂದು ಕೇಳಿದೆ. ಆಕೆ ತಲೆಯೆತ್ತದೆ, ಬೋರ್ಡಿನಲ್ಲಿ ಇರುವುದೇ ಸಮಯ ಎಂದರು. ಹೊಳೆಯುವ ಉಕ್ಕಿನ ಬೋರ್ಡು. ಅದರ ಪಕ್ಕದ ಕಂಬದಲ್ಲಿ ಬರಿಯ ಎರಡು ಮೊಳೆಗಳಿದ್ದವು. ಅಲ್ಲಿ ಏನಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ನಾಲ್ಕೂಕಾಲಿಗೆ ನಾವು ಹಿಂದಿರುಗಲು ನೋಡಿದಾಗ ದಾರಿ ಇರಲಿಲ್ಲ. ಬಂಡೆಯ ಮೇಲೆ ಒಟ್ಟು ಹನ್ನೊಂದು ಜನ. ಇಬ್ಬರು ಗಂಡಸರು ನೀರಿಗಿಳಿದರು. ಸೊಂಟದವರೆಗೆ ನೀರು ಬರುವಷ್ಟರಲ್ಲಿ ಒಬ್ಬನ ಕಾಲು ಜಾರಿತು. ಇನ್ನೊಬ್ಬ ಅವನ ಅಂಗಿ ಹಿಡಿದು ಎಳೆದು ತಂದ. ಅಲೆ ಬಂಡೆಯನ್ನು ಹತ್ತತೊಡಗಿತು. ಹೊರಗಿನಿಂದಷ್ಟೇ ನೋಡಬೇಕಾದ ದೀಪಸ್ತಂಭದ ಬಾಗಿಲಿಗೆ ನಿಮ್ಮ ಇಲಾಖೆಯದೇ ಬೀಗ. ಅಕ್ಕ ಗೋಡೆಗೆ ಒರಗಿ ನಿಂತು, ನನ್ನ ಕೈ ಬಿಡದೆ, ಒಂದು ಮಾತೂ ಆಡಲಿಲ್ಲ. ಅರವತ್ತೆರಡು ವರ್ಷದಲ್ಲಿ ಅವಳು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಭಯವಾದದ್ದು ಆಗ.

ಆಗ ದೋಣಿಯವರು ಬಂದರು. ದಾರಿಯಲ್ಲಿ ಹೋದವರನ್ನು ದಿನವೂ ದೋಣಿ ನಿಲ್ಲುವ ಕಟ್ಟೆಯ ಮೇಲೆ ಕುಳಿತು ಎಣಿಸುವುದು, ಹಿಂದಿರುಗಿದವರನ್ನು ಅದರಲ್ಲಿ ಕಳೆಯುವುದು ಅವರ ರೂಢಿಯಂತೆ. ಯಾರೂ ಹೇಳಿದ ಕೆಲಸವಲ್ಲ. ಅಂದು ಲೆಕ್ಕದಲ್ಲಿ ಹನ್ನೊಂದು ಉಳಿಯಿತು. ಅಲೆ ತಗ್ಗಿದಾಗಲೆಲ್ಲ ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿಕೊಂಡರು. ಅಕ್ಕನ ಸರದಿ ಬಂತು.

"ಏನಪ್ಪಾ, ನಿನ್ನ ದೋಣಿ ನನ್ನ ಭಾರ ತಡೆಯುತ್ತಾ?"

"ನಿಮ್ಮ ಭಾರ ತಡೆಯುತ್ತೆ ಅಮ್ಮಾ. ನಿಮ್ಮ ಚೀಲದ್ದೇ ಅನುಮಾನ. ಹತ್ತಿ, ಮಾತು ಆಮೇಲೆ."

ಹನ್ನೊಂದು ಜನವೂ ದಡ ಸೇರಿದೆವು. ಮೂರನೆಯ ದಿನ ಅವರಿಗೆ ನಿಮ್ಮ ನೋಟಿಸು ಬಂತು: ಅನುಮೋದಿತ ಕಟ್ಟೆಯಲ್ಲದ ಸ್ಥಳದಿಂದ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು ಅಪರಾಧ. ಬಂಡೆಗೆ ಅನುಮೋದನೆ ಇರಲಿಲ್ಲ, ನಿಜ. ಅನುಮೋದಿತ ಸ್ಥಳಕ್ಕೆ ಈಜಿಕೊಂಡು ಬಂದು ಹತ್ತಬೇಕಾಗಿತ್ತೇ ನಾವು?

ಆ ಕಂಬದ ಮೊಳೆಗಳ ವಿಷಯ. ಇಪ್ಪತ್ತು ವರ್ಷ ಅಲ್ಲೊಂದು ಕರಿಹಲಗೆ ಇತ್ತಂತೆ. ದಾರಿ ಅಂದು ಎಷ್ಟು ಹೊತ್ತಿಗೆ ಮುಳುಗುತ್ತದೆ ಎಂದು ದೋಣಿಯವರು ಬೆಳಿಗ್ಗೆ ಎದ್ದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಕಳೆದ ವರ್ಷ ನೀವು ಅದನ್ನು ಅನಧಿಕೃತ ಫಲಕವೆಂದು ತೆಗೆಸಿದಿರಿ. ಮೂರು ಸ್ಥಳಗಳಿಗೂ ಏಕರೂಪದ ಬೋರ್ಡು ಬೇಕಿತ್ತು ನಿಮಗೆ. ಸಿಕ್ಕಿತು.

ಸಾಕ್ಷಿ ಹೇಳಲು ನಿಮ್ಮ ಕೋಣೆಗೆ ಬಂದಾಗ ನೀವು ನನಗೆ ಕುರ್ಚಿ ತೋರಿಸಿದಿರಿ, ಚಹಾ ತರಿಸಿದಿರಿ. ನಿಮ್ಮ ಮರ್ಯಾದೆಯಲ್ಲಿ ಕೊರತೆಯಿಲ್ಲ. ಬೋರ್ಡಿನ ಮಾತೆತ್ತಿದಾಗ ನೀವು ಹೇಳಿದ ಎರಡು ವಾಕ್ಯಗಳನ್ನು ಆ ದಿನವೇ ಬರೆದಿಟ್ಟುಕೊಂಡೆ.

"ನೋಡಿ ಸಾರ್, ಸಮುದ್ರ ನಮ್ಮ ಇಲಾಖೆಗೆ ಬರಲ್ಲ. ನಿಮಗೇನೂ ಆಗಿಲ್ವಲ್ಲ, ಆರಾಮಾಗಿ ಊರಿಗೆ ಹೋಗಿ."

ನಮಗೆ ಏನೂ ಆಗಿಲ್ಲ. ಆಗುತ್ತಿರುವುದು ದೋಣಿಗೆ. ಅದನ್ನು ದಡಕ್ಕೆಳೆಸಿ ಸರಪಳಿ ಹಾಕಿಸಿದ್ದೀರಿ, ವಿಚಾರಣೆ ಎರಡು ತಿಂಗಳ ಮೇಲೆ. ಮರದ ದೋಣಿ ಬಿಸಿಲಲ್ಲಿ ಒಣಗಿದರೆ ಹಲಗೆಗಳ ಸಂದು ಬಿಡುತ್ತದೆ. ಆಮೇಲೆ ಪರವಾನಗಿ ಕೊಟ್ಟರೂ ಅದು ತೇಲುವುದಿಲ್ಲ. ದೋಣಿಯವರ ಹೆಂಡತಿ ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹೊತ್ತು ಅದರ ಮೈ ತೋಯಿಸುತ್ತಾರೆ. ಜಪ್ತಿಯಾದ ವಸ್ತುವನ್ನು ಮುಟ್ಟಬಾರದೆಂದು ಕಾವಲುಗಾರನಿಗೆ ಆಜ್ಞೆಯಿದೆ. ಆಕೆ ಬಂದಾಗ ಅವನು ಬೀಡಿ ಸೇದಲು ಗೋಡೆಯ ಆಚೆ ಹೋಗುತ್ತಾನೆ. ನಿಮ್ಮ ಇಲಾಖೆಯಲ್ಲಿ ವಿವೇಕ ಇರುವುದು ಆ ಹುದ್ದೆಯಲ್ಲಿ ಮಾತ್ರ.

ಈಗ ನನ್ನ ಸೇಡಿನ ವಿಷಯಕ್ಕೆ ಬರುತ್ತೇನೆ. ಪರದೇಶದ ಕಾದಂಬರಿಗಳನ್ನು ಅನುವಾದದಲ್ಲಿ ಓದಿ ಓದಿ ನನಗೆ ಅಡಿಟಿಪ್ಪಣಿ ಬಿಡದೆ ಓದುವ ಚಟ. ನಿಮ್ಮ ನೋಟಿಸಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಿಯಮಗಳಿವೆ. ಒಂಬತ್ತನೆಯ ನಿಯಮದ ಎರಡನೆಯ ಉಪನಿಯಮ ಹೀಗಿದೆ: ಅಂಥ ಸ್ಥಳದಿಂದ ದೋಣಿ ಹತ್ತಿದ ಪ್ರಯಾಣಿಕರೂ ಸಮಾನ ಅಪರಾಧಿಗಳು, ಪ್ರತಿಯೊಬ್ಬರನ್ನೂ ಅಧಿಕಾರಿಯು ಖುದ್ದಾಗಿ, ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು, ಹೇಳಿಕೆಯನ್ನು ಪೂರ್ತಿಯಾಗಿ ದಾಖಲಿಸಿ ಮೇಲಿನ ಕಚೇರಿಗೆ ಕಳಿಸತಕ್ಕದ್ದು.

ನೀವು ಅದನ್ನು ಓದಿಲ್ಲ. ನಾನು ಓದಿದೆ. ಉಳಿದ ಒಂಬತ್ತು ಜನರ ವಿಳಾಸ ಹುಡುಕಲು ಐದು ವಾರ ಹಿಡಿಯಿತು. ಅಕ್ಕನೂ ನಾನೂ ಸೇರಿ ಹನ್ನೊಂದು ಜನವೂ ತಪ್ಪೊಪ್ಪಿಗೆ ಬರೆದು ಸಹಿ ಹಾಕಿದ್ದೇವೆ. ಒಂದು ಪ್ರತಿ ನಿಮಗೆ, ಒಂದು ಮೇಲಿನವರಿಗೆ ಹೋಗಿದೆ.

ನನ್ನ ಬೇಡಿಕೆ ಸರಳ. ಬರುವ ಸೋಮವಾರದೊಳಗೆ ದೋಣಿಯ ಸರಪಳಿ ಬಿಚ್ಚಿಸಿ, ಕರಿಹಲಗೆಯನ್ನು ಕಂಬಕ್ಕೆ ಹಾಕಿಸಿ. ಇಲ್ಲವಾದರೆ ನಮ್ಮೆಲ್ಲರಿಗೂ ನೋಟಿಸು ಕೊಟ್ಟು ವಿಚಾರಣೆಗೆ ಕೂರಿ. ಬೋರ್ಡನ್ನು ಬರೆಸಿದವರು ಯಾರು ಎಂದು ಹನ್ನೊಂದು ಸಲ ಕೇಳಿಸಿಕೊಳ್ಳಬೇಕಾಗುತ್ತದೆ, ಹನ್ನೊಂದು ಸಲವೂ ಅದನ್ನು ನಿಮ್ಮ ಕೈಯಿಂದಲೇ ಬರೆದು ಮೇಲಕ್ಕೆ ಕಳಿಸಬೇಕಾಗುತ್ತದೆ. ಅವಸರ ಬೇಡವೆಂದು ಎಲ್ಲರಿಗೂ ಹೇಳಿದ್ದೇನೆ. ಮೊದಲ ಸರದಿ ಅಕ್ಕನದು. ಅವಳು ಮೊಣಕಾಲಿನ ನೋವು ಶುರುವಾದ ವರ್ಷದಿಂದ ಆರಂಭಿಸುತ್ತಾಳೆ.

ಇಂತಿ,
ನಿಮ್ಮ ಬೋರ್ಡನ್ನು ನಂಬಿದ, ಶಿಕ್ಷೆಗಾಗಿ ಕಾದಿರುವ
ಎರಡನೆಯ ಅಪರಾಧಿ