ಅಪ್ಪ ಧಾರವಾಡಕ್ಕ ಬರೂದು ಬ್ಯಾಡ

ಅಪ್ಪಾ,

ನೀವು ಹೊಲದಿಂದ ಬರೂದ್ರೊಳಗ ನಾನು ಮಾಸ್ತರ ಮನಿಯವರ ಜೋಡಿ ಟಾಂಗಾದಾಗ ಯಲವಿಗಿ ಟೇಶನ್ನಿಗೆ ಹೊಂಟಿರತೇನಿ. ಹೇಳದ ಹೋದಳು ಅಂತ ಸಿಟ್ಟಾಗಬ್ಯಾಡ್ರಿ. ನಾಳೆ ಮ್ಯಾಟ್ರಿಕ್ ಪರೀಕ್ಷಾಕ್ಕ ನೀವು ಧಾರವಾಡಕ್ಕ ಬರೂದು ಬ್ಯಾಡ.

ರೊಟ್ಟಿ ಬುಟ್ಟ್ಯಾಗ ಅದಾವ. ನಾಳೆ ಲಿಂಗಪೂಜಿ ಮುಗಿಸಿದ ಕೂಡ್ಲೆ ಉಣ್ರಿ. ನನ್ನ ಪೇಪರ ಮುಗಿಯೂತನಕ ಹನಿ ನೀರೂ ಕುಡಿಯೂದಿಲ್ಲ ಅಂತ ಈ ಸಲನೂ ಹಟ ಹಿಡೀಬ್ಯಾಡ್ರಿ. ಎದಿ ಡವಡವ ಅಂದ್ರ ಮಗ್ಗಲ ಮನಿ ಕುಬೇರಪ್ಪ ಕಾಕಾನ ಕೂಡ ಕುಂತು ಮಾತಾಡ್ರಿ. ನನ್ನ ಎದೀನೂ ಹಂಗ ಆಗೇತಿ.

ಹೋದ ವರ್ಷ ನಾ ಗಣಿತದಾಗ ಫೇಲಾದದ್ದು ಲೆಕ್ಕ ಬರದಿದ್ದಕ್ಕಲ್ಲ. ಪರೀಕ್ಷಾ ಕೋಣಿ ಖಿಡಕಿ ಹೊರಗ ಬಿಸಲಾಗ ನೀವು ಮೂರು ತಾಸು ಉಪಾಸ ನಿಂತಿದ್ರಿ. ಎಲ್ಲಿ ಬೀಳತೀರೋ ಅಂತ ನಿಮ್ಮನ್ನ ನೋಡಕೋಂತ ಕುಂತೆ.

ನೀಲವ್ವ