ಬೂದಿ ತೋಡಿದ ಬಿಲ

ಮೃಗಾಲಯದ ಸ್ಟೋರ್ ರೂಮು
ಏಪ್ರಿಲ್ ೧೯, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಕಾಡಿನ ಕ್ಯಾಂಪಿನಲ್ಲಿ ಬರೀ ನೆಲದ ಮೇಲೆ ಮಲಗಬೇಡ ಎಂದರೆ ಕೇಳುವವಳಲ್ಲ ನೀನು. ಆದರೂ ಹೇಳಿದ್ದೇನೆ, ನನ್ನ ಬಾಯಿಗೇನು ಬಾಡಿಗೆ ಕೊಡಬೇಕಾಗಿಲ್ಲವಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ, ಎಡ ಮೊಣಕಾಲೊಂದನ್ನು ಬಿಟ್ಟು.

ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ, ಆಮೇಲೆ ಕಥೆ. ಈ ಸಲ ತೋಳದ ಮಲ ನಲವತ್ತೊಂದು ಪೊಟ್ಟಣ, ಒಂದೊಂದಕ್ಕೂ ತಾರೀಖು ಬರೆದು ಐಸ್ ಪೆಟ್ಟಿಗೆಯಲ್ಲಿ ನಿನ್ನ ಲ್ಯಾಬಿಗೆ ಕಳಿಸಿದ್ದು. ನನ್ನ ರಜೆ ಒಂಬತ್ತು ದಿನ. ಸಾಹೇಬರ ಮೆಮೊ ಒಂದು. ಕಸ ಗುಡಿಸಲು ಸೇರಿ ಸೂಪರ್‌ವೈಸರ್ ಆಗುವವರೆಗಿನ ಇಪ್ಪತ್ತೆಂಟು ವರ್ಷದಲ್ಲಿ ನನಗೆ ಸಿಕ್ಕಿದ ಮೊದಲ ಮೆಮೊ ಅದು. ಎರಡು ಸಲ ಓದಿದೆ. ಕಾಗುಣಿತ ತಪ್ಪಿದೆ.

ಹೋದ ವರ್ಷದ್ದು ನಿನಗೆ ಅರ್ಧ ಗೊತ್ತು. ನಮ್ಮ ಹೆಣ್ಣು ತೋಳ ಬೂದಿ ಚಳಿಗಾಲದಲ್ಲಿ ಬೆದೆಗೆ ಬಂದು ಗಂಡಿನ ಜೊತೆ ಕೂಡಿದಳು. ವರ್ಷಕ್ಕೆ ಒಂದೇ ಸಲ ಬರುವ ಕಾಲ. ಮಲ ಪರೀಕ್ಷಿಸಿ ನೀನು ಕಳಿಸಿದ ಗ್ರಾಫಿನಲ್ಲಿ ಹಾರ್ಮೋನಿನ ಗೆರೆ ಏರಿದ್ದು ಕಂಡದ್ದೇ ನಾನು ಮರಿ ಗ್ಯಾರಂಟಿ ಎಂದು ಸಾರಿಬಿಟ್ಟೆ, ಸಾಹೇಬರು ಬೋರ್ಡನ್ನೇ ಬರೆಸಿದರು. ಗರ್ಭ ನಿಂತರೂ ನಿಲ್ಲದಿದ್ದರೂ ಎರಡು ತಿಂಗಳು ಆ ಗೆರೆ ಒಂದೇ ಥರ ಇರುತ್ತದೆ ಎಂದು ನೀನು ಫೋನಿನಲ್ಲಿ ಹೇಳಿದ್ದೆ. "ಮೈಗೆ ಗೊತ್ತಾಗಲ್ಲಮ್ಮ, ಅದು ತಾಯಿ ಆಗೇ ಬಿಟ್ಟಿರತ್ತೆ" ಎಂದಿದ್ದೆ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಬೂದಿ ಬಿಲ ತೋಡಿದಳು, ಹೊಟ್ಟೆಯ ರೋಮ ಕಿತ್ತು ಹಾಸಿದಳು, ಮೊಲೆಯಲ್ಲಿ ಹಾಲೂ ಬಂತು. ಎಪ್ಪತ್ತು ದಿನವಾದರೂ ಒಳಗೆ ಏನೂ ಇರಲಿಲ್ಲ. ಮುಚ್ಚಿಸಿ ಎಂದರು ಸಾಹೇಬರು. ಅವಳು ಒಳಕೋಣೆಗೆ ಬರುವುದು ನನ್ನ ದನಿಗೆ ಮಾತ್ರ. ನಾನೇ ಕರೆದೆ, ನಂಬಿ ಬಂದಳು. ಬಾಗಿಲು ಹಾಕಿ ಎರಡು ಗಾಡಿ ಮಣ್ಣು ತುಂಬಿಸಿದೆ. ರಿಜಿಸ್ಟರಿನಲ್ಲಿ ಹುಟ್ಟಿದ್ದು ಸೊನ್ನೆ, ಸತ್ತದ್ದು ಸೊನ್ನೆ. ಲೆಕ್ಕ ಸರಿಹೋಯಿತು. ಆಮೇಲೆ ಹನ್ನೊಂದು ದಿನ ಅವಳು ಅದೇ ಜಾಗವನ್ನು ಉಗುರು ಕಿತ್ತು ರಕ್ತ ಬರುವ ಹಾಗೆ ಕೆರೆದದ್ದನ್ನು ನಾನು ನಿನಗೆ ತಿಳಿಸಲಿಲ್ಲ.

ಅದಾಗಿ ತಿಂಗಳಿಗೆ ನಿನ್ನದಾಯಿತು. ಏಳನೇ ತಿಂಗಳು, ಮಗು ಉಳಿಯಲಿಲ್ಲ. ನೀನು ಆಸ್ಪತ್ರೆಯಿಂದ ಬರುವುದರೊಳಗೆ ತೊಟ್ಟಿಲು, ಬಟ್ಟೆ, ಗೋಡೆಯ ಚಿತ್ರ ಎಲ್ಲ ನಾನು ಸಾಗಿಸಿಬಿಟ್ಟಿದ್ದೆ, ನಿನ್ನ ಕಣ್ಣಿಗೆ ಬೀಳದಿರಲಿ ಎಂದು. ಗೋಡೆಗೆ ಬಣ್ಣವೂ ಆಗಿತ್ತು. ನನ್ನ ಚುರುಕಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ನೀನು ಬಾಗಿಲಲ್ಲೇ ನಿಂತು "ಎಲ್ಲಿಟ್ಟೆ ಅಮ್ಮಾ?" ಎಂದೆ. "ಎಲ್ಲ ಕೊಟ್ಟುಬಿಟ್ಟೆ. ಏನೂ ಆಗೇ ಇಲ್ಲ ಅಂದ್ಕೋ ಪುಟ್ಟಿ" ಎಂದೆ ನಾನು. ಆ ವಾರವೇ ನೀನು ಕಾಡಿನ ಕೆಲಸ ಕೇಳಿ ಪಡೆದು ಹೊರಟುಹೋದೆ. ಪೊಟ್ಟಣದ ಲೇಬಲ್ಲು, ನಿನ್ನ ಲ್ಯಾಬಿನ ವರದಿ ಬಿಟ್ಟರೆ ನಮ್ಮಿಬ್ಬರ ನಡುವೆ ಅಕ್ಷರವಿಲ್ಲ.

ಈ ವರ್ಷ ಮತ್ತೆ ಅದೇ ಗೆರೆ, ಅದೇ ಬಿಲ, ಒಳಗೆ ಅದೇ ಖಾಲಿ. ಜನ ಟಿಕೆಟ್ಟು ತೆಗೆದು ಬರುವುದು ಮಣ್ಣಿನ ತೂತು ನೋಡಲಿಕ್ಕಲ್ಲ, ಮುಚ್ಚಿಸಿ ಎಂದರು ಸಾಹೇಬರು. ನಿನ್ನ ವರದಿಯನ್ನು ಈ ಸಲ ನಿಧಾನವಾಗಿ ಓದಿದ್ದೆ. ಕಾಡಿನ ಹಿಂಡಿನಲ್ಲಿ ಮರಿ ಹಾಕುವುದು ಸಾಮಾನ್ಯವಾಗಿ ಒಂದೇ ಹೆಣ್ಣು, ಆದರೆ ಉಳಿದವಕ್ಕೂ ಅದೇ ಹಾರ್ಮೋನು ಏರುತ್ತದೆ, ಆ ಅಕ್ಕರೆ ತಾಯಿಯ ಮರಿಗೋ ಅಕ್ಕನ ಮರಿಗೋ ಸಲ್ಲುತ್ತದೆ ಎಂದು ಬರೆದಿದ್ದೀಯ. ಬೇಲಿಯೊಳಗಿನವಳು ಯಾರಿಗೆ ಸಲ್ಲಿಸಬೇಕು? ಅದು ತಾನಾಗಿ ಆರುವವರೆಗೆ ದಿನಗಳನ್ನಾದರೂ ಕೊಡೋಣ ಎನಿಸಿತು. ರಜೆ ಚೀಟಿ ಬರೆದೆ. ನಾನಿಲ್ಲದೆ ಅವಳನ್ನು ಒಳಗೆ ಕರೆಯುವವರಿಲ್ಲ, ಕರೆಯದೆ ಬಿಲ ಮುಚ್ಚುವ ಹಾಗಿಲ್ಲ. ಮೆಮೊ ಬಂದದ್ದು ಅದಕ್ಕೇ. ದಿನಾ ಟಿಕೆಟ್ಟು ತೆಗೆದು, ಜನರ ನಡುವೆ ಬೇಲಿಯಾಚೆ ಬಾಯಿ ಮುಚ್ಚಿ ಕೂತೆ. ನಾನು ಬಾಯಿ ಮುಚ್ಚಿದ್ದೆ ಎಂದರೆ ನೀನು ನಂಬಲಿಕ್ಕಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ತಾನೇ ಹೊರಗೆ ಬಂದಳು. ಮೈ ಕೊಡವಿದಳು, ನೀರು ಕುಡಿದಳು. ಒಮ್ಮೆ ಬಿಲದ ಕಡೆ ತಿರುಗಿ ನೋಡಿದಳು. ಒಳಗೆ ಹೋಗಲಿಲ್ಲ.

ಅಳಿಯಂದಿರು ಭಾನುವಾರ ಬಂದು ಅಡುಗೆಮನೆಯ ಬಲ್ಬು ಬದಲಿಸಿ ಹೋಗುತ್ತಾರೆ. ನಿನ್ನ ಸುದ್ದಿ ಎತ್ತಲು ಇಬ್ಬರಿಗೂ ಧೈರ್ಯವಿಲ್ಲ, ಹಾಗಾಗಿ ಬಲ್ಬಿನ ಬಗ್ಗೆಯೇ ಬಹಳ ಹೊತ್ತು ಮಾತಾಡುತ್ತೇವೆ. ಹೊಟ್ಟೆ ತುಂಬ ಉಣ್ಣು. ಕಾಲು ಬೆಚ್ಚಗಿಟ್ಟುಕೋ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ.: ಎಲ್ಲ ಕೊಟ್ಟುಬಿಟ್ಟೆ ಎಂದು ಅವತ್ತು ಹೇಳಿದ್ದು ಸುಳ್ಳು. ನೀನು ಹೆಣೆಯುತ್ತಿದ್ದ ಕಾಲುಚೀಲ ನನ್ನ ಲಾಕರಿನಲ್ಲಿದೆ. ಒಂದು ಮುಗಿದಿದೆ, ಇನ್ನೊಂದು ಹಿಮ್ಮಡಿಯವರೆಗೆ, ಸೂಜಿ ಅದರಲ್ಲೇ ಇದೆ. ಅಂಚೆಗೆ ಹಾಕಲು ಮನಸ್ಸಿಲ್ಲ. ಬಾ. ಕೋಣೆಯಲ್ಲಿ ಇಟ್ಟುಕೊಂಡು ಎಷ್ಟು ದಿನ ಬೇಕೋ ಕೂತಿರು, ನಾನು ಬಾಗಿಲು ತಟ್ಟುವುದಿಲ್ಲ. ಯಾರಿಗೆ ಏನು ದಕ್ಕಿತು ಎಂದು ನೋಡಿದರೆ: ಲ್ಯಾಬಿಗೆ ನಲವತ್ತೊಂದು ಪೊಟ್ಟಣ, ಸಾಹೇಬರ ಫೈಲಿಗೆ ಮೆಮೊದ ನಕಲು, ಬೂದಿಗೆ ಒಂಬತ್ತು ದಿನ. ನಿನಗೆ ನಾನು ಒಂದು ದಿನವನ್ನೂ ಕೊಡಲಿಲ್ಲ.