ಟಿ.ಸಿ. ಕೊಟ್ಟ ದಿನದ ನಗು

ಗುಂಡ್ಲುಪೇಟೆ
20 ಜೂನ್ 2025

ಶಿವಾನಿಯ ತಂದೆಯವರಿಗೆ ಶಾಂತಮಲ್ಲಮ್ಮನ ಶರಣು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹ್ಞೂಂಗುಟ್ಟಬೇಕು. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ನಿಮ್ಮ ಅಣ್ಣ ಪುಟ್ಟಮಲ್ಲಪ್ಪನವರು ಮೊನ್ನೆ ಉಡಿಗಾಲದಿಂದ ಬಂದಿದ್ದರು. ಹರವೆ ಕಡೆಯವರು ಯಾರೋ ಭಾನುವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಬರುತ್ತಾರಂತೆ, ಹಾಗೇ ಇಲ್ಲಿಗೂ ಬಂದು ಹುಡುಗಿಯನ್ನು ನೋಡಿಕೊಂಡು ಹೋಗುತ್ತಾರಂತೆ. "ನೋಡ್ಕಂಡ್ ವೋದ್ರೆ ನಿಂದೇನವ್ವ ವೋಗದು? ಇನ್ನೂ ಎಷ್ಟ್ ದಿವ್ಸ ಅಣ್ಣನ್ ಮನೇಲಿ ಕೂತಿರ್ತೀಯೆ?" ಎಂದು ಕೇಳಿದರು. ಶಿವಾನಿ ಒಳಗಿದ್ದಳು. ಅವಳಿಗೆ ಕೇಳಲಿ ಅಂತಲೇ ಗಟ್ಟಿಯಾಗಿ ಹೇಳಿದರು.

ನಾವು ಈ ಮನೆಗೆ ಯಾಕೆ ಬಂದೆವು ಎಂಬುದನ್ನು ನೀವೆಲ್ಲ ಮರೆತಿರಬಹುದು. ನನಗೆ ಮರೆತಿಲ್ಲ. ಹೋದ ವರ್ಷ ಅವಳ ಒಂಬತ್ತನೇ ಕ್ಲಾಸು ಮುಗಿದಾಗ ಆ ಖಾಸಗಿ ಶಾಲೆಯವರು ಮಾರ್ಗದರ್ಶನ ಸಭೆ ಅಂತ ನಮ್ಮನ್ನು ಕರೆಸಿದರು. ಮುಂದೆ ಏನು ಓದಿಸಬೇಕೆಂದು ಹೇಳುತ್ತಾರೆ ಅಂದುಕೊಂಡು ನಾನು ಒಳ್ಳೆಯ ಸೀರೆ ಉಟ್ಟು ಬಂದಿದ್ದೆ. ಹೆಡ್‌ಮಾಸ್ಟರು ಮಗುವನ್ನು ಎದುರಿಗೇ ನಿಲ್ಲಿಸಿಕೊಂಡು, "ಇವಳು ಲೆಕ್ಕದಲ್ಲಿ ಪಾಸಾಗಲ್ಲ. ಹತ್ತನೇ ಕ್ಲಾಸಲ್ಲಿ ನಮ್ಮದು ನೂರಕ್ಕೆ ನೂರು ರಿಸಲ್ಟು. ಟಿ.ಸಿ. ಕೊಟ್ಟುಬಿಡ್ತೀವಿ, ಹೊಲಿಗೆ ಕಲಿಸಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀವು, "ನೀವೇಳುದ್ ಮೇಲೆ ಮುಗೀತು ಸಾ. ಎಣ್ ಮಗೀಗೆ ಇಷ್ಟು ಸಾಕು ಬುಡಿ" ಎಂದು ನಕ್ಕಿರಿ. ಮಗು ನೆಲ ನೋಡುತ್ತಾ ನಿಂತಿತ್ತು. ಆ ನಗು ಇದೆಯಲ್ಲ, ಅದಕ್ಕೆ ನಾನು ಮನೆ ಬಿಟ್ಟು ಬಂದದ್ದು. ಟಿ.ಸಿ.ಗಲ್ಲ.

ಇಲ್ಲಿ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದೆ. ಸೋಮೇಶಣ್ಣನ ಮನೆಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಅತ್ತಿಗೆ ಆಡಿದರು, ಅನ್ನಿಸಿಕೊಂಡೆ. ಬೆಳಿಗ್ಗೆ ಎದ್ದು ಇಲ್ಲಿನ ಒಂದು ಹಾಸ್ಟೆಲ್ಲಿಗೆ ಅಡುಗೆ ಕೆಲಸಕ್ಕೆ ಹೋಗುತ್ತೇನೆ. ಶಾಲೆಯ ಲೆಕ್ಕದ ಟೀಚರು ಮೇಘನಾ ಅಂತ. ಅವರು ಸಂಜೆ ಶಿವಾನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ತಪ್ಪುತ್ತಿದೆ ಅಂತ ಹಿಂದಿನ ಕ್ಲಾಸುಗಳ ಪಾಠವನ್ನೆಲ್ಲ ಕೆದಕುತ್ತಾ ಹೋಗಿ ಏಳನೇ ಕ್ಲಾಸಿನ ಭಿನ್ನರಾಶಿಗೆ ಬಂದು ನಿಂತರು. ನನ್ನನ್ನು ಕರೆದು, "ಆಗ ಇವಳು ಶಾಲೆಗೆ ಹೋಗ್ತಿರಲಿಲ್ವಾ?" ಎಂದು ಕೇಳಿದರು. ಹೌದು, ಹೋಗುತ್ತಿರಲಿಲ್ಲ. ಆ ವರ್ಷ ಅರಿಸಿನ ಕೀಳಲು ಆಳು ಸಿಗಲಿಲ್ಲವೆಂದು ನೀವು ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಿದ್ದಿರಿ. ಮರುವರ್ಷವೂ ಹಾಗೇ. ನಿಮ್ಮ ಅಣ್ಣನವರ ಮಗ ಶಿವಮಲ್ಲುವಿಗೆ ಮಾತ್ರ ಒಂದು ದಿನವೂ ಶಾಲೆ ತಪ್ಪಲಿಲ್ಲ. ಮಗಳಿಗೆ ತಲೆ ಇಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದಿರಿ. ತಲೆ ಇತ್ತು. ಪಾಠ ನಡೆಯುವಾಗ ಅದು ನಿಮ್ಮ ಅರಿಸಿನದ ಸಾಲಿನಲ್ಲಿ ಬಗ್ಗಿತ್ತು.

ಮಾರ್ಚಿನ ಪರೀಕ್ಷೆಯಲ್ಲಿ ಗಣಿತ ಒಂದರಲ್ಲಿ ಫೇಲಾದಳು. ರಿಸಲ್ಟು ಬಂದ ದಿನ, ಎಷ್ಟೋ ತಿಂಗಳ ಮೇಲೆ ನಿಮ್ಮ ಫೋನು ಬಂತು. ಅವಳೇ ಎತ್ತಿಕೊಂಡಳು. "ಮೇಷ್ಟ್ರು ಅವತ್ತೇ ಯೋಳಿರ್ನಿಲ್ವಾ?" ಎಂದಿರಿ. ಉಂಡೆಯಾ ಅಂತಲೂ ಕೇಳಲಿಲ್ಲ. ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತಿಕ್ಕತೊಡಗಿದಳು.

ಎರಡನೇ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ನಿಮಗೆ ತಿಳಿಸುವುದು ಅವಳಿಗೆ ಇಷ್ಟವಿರಲಿಲ್ಲ. ಕುಣಿದಾಡುತ್ತಿದ್ದಾಳೆ ಅಂದುಕೊಳ್ಳಬೇಡಿ. ಪಿಯುಸಿಗೆ ಏನು ತಗೊಳ್ತೀಯಮ್ಮ ಎಂದು ಟೀಚರು ಕೇಳಿದರೆ, ನನ್ನ ಕಡೆ ತಿರುಗಿ "ನಂಗ್ ಆಯ್ತದಾ ಅವ್ವ?" ಎನ್ನುತ್ತಾಳೆ. ಲೆಕ್ಕ ಸರಿಯಾಗಿ ಬಿಡಿಸಿದ್ದರೂ ಅಳಿಸಿ ಇನ್ನೊಮ್ಮೆ ಮಾಡುತ್ತಾಳೆ. ಹೆಡ್‌ಮಾಸ್ಟರು ಯಾರೋ ಹೊರಗಿನವರು. ನೀವು ಅವಳ ಅಪ್ಪ.

ಆ ಶಾಲೆಯ ಗೇಟಿಗೆ ಈ ಸಲವೂ ನೂರಕ್ಕೆ ನೂರು ಅಂತ ಬ್ಯಾನರು ಕಟ್ಟಿದ್ದಾರಂತೆ. ನಮ್ಮ ಮಗಳಂಥವರನ್ನು ಆಚೆ ಹಾಕಿ ಮಾಡಿಕೊಂಡ ನೂರು ಅದು. ಡೈರಿಗೆ ಹಾಲು ಹಾಕಲು ನೀವು ಅದೇ ದಾರಿಯಲ್ಲಿ ಹೋಗುತ್ತೀರಿ, ನೋಡಿಯೇ ಇರುತ್ತೀರಿ.

ಅವಳನ್ನು ಕಾಲೇಜಿಗೆ ಸೇರಿಸಿದ್ದೇನೆ, ಕಾಮರ್ಸಿಗೆ. ನಾನು ಸದ್ಯಕ್ಕೆ ಊರಿಗೆ ಬರುವುದಿಲ್ಲ. ನಿಮಗೆ ಬರಬೇಕೆನಿಸಿದರೆ ನೀವೇ ಬನ್ನಿ, ಅಣ್ಣನವರನ್ನು ಕಳಿಸಬೇಡಿ. ಬಂದಾಗ ಅವಳನ್ನು ಮಾತಾಡಿಸಿ. ಅವಳು ತಿರುಗಿ ಮಾತಾಡುತ್ತಾಳೋ ಇಲ್ಲವೋ, ಅದಕ್ಕೆ ನಾನು ಹೊಣೆಯಲ್ಲ.

ಇಂತಿ,
ಶಾಂತಮಲ್ಲಮ್ಮ

ತಾ.ಕ.: ಭಾನುವಾರ ಯಾರೂ ಬರುವುದಿಲ್ಲ. ನಂಬರು ಪತ್ತೆಮಾಡಿ ಹರವೆಯ ಆ ಹುಡುಗನ ತಾಯಿಗೆ ನಾನೇ ನಿನ್ನೆ ಫೋನ್ ಮಾಡಿದ್ದೆ. ಹುಡುಗಿಗೆ ಹತ್ತೊಂಬತ್ತು ಅಂತ ನೀವು ಹೇಳಿದ್ದಿರಂತೆ. ಹದಿನಾರು ಅಂದೆ. ಆಯಮ್ಮ, "ಹೆತ್ತ ಅಪ್ಪನೇ ಇಂಗೇಳುದ್ರೆ ನಾವ್ ಇನ್ಯಾರ ನಂಬದವ್ವ?" ಎಂದು ಕೇಳಿದರು. ನಿಮಗೆ ಉತ್ತರ ಹೊಳೆದರೆ ಆಯಮ್ಮನಿಗೆ ಫೋನ್ ಮಾಡಿ ಹೇಳಿ.